ನಿಮ್ಮ ಕಾರು ಹದಿನೆಂಟೋ, ಹತ್ತೊಂಬತ್ತೋ? ಆರ್‌ಸಿಯಲ್ಲಿರುವ ಎರಡು ತಾರೀಕುಗಳ ಕಥೆ

ನಮ್ಮ ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ರೇಟು ಕೇಳುವುದಿಲ್ಲ, ಎಷ್ಟು ಓಡಿದೆ ಅಂತಲೂ ಕೇಳುವುದಿಲ್ಲ. "ಯಾವ ಮಾಡೆಲ್ರೀ?" ಅನ್ನುತ್ತಾರೆ. ಆ ಕಡೆಯಿಂದ "ಹತ್ತೊಂಬತ್ತು" ಅಂತ ಉತ್ತರ ಬರುತ್ತದೆ. ಎಲ್ಲರೂ ತಲೆ ಆಡಿಸುತ್ತಾರೆ. ಹತ್ತೊಂಬತ್ತು ಅಂದರೆ ಏನು, ಕಾರು ಫ್ಯಾಕ್ಟರಿಯಿಂದ ಹೊರಬಿದ್ದ ವರ್ಷವಾ, ಆರ್‌ಟಿಒದಲ್ಲಿ ನಂಬರ್ ಬಿದ್ದ ವರ್ಷವಾ, ಇಲ್ಲ ಹೊಸ ಬಂಪರ್ ಹಾಕಿ ಕಂಪನಿ ಬಿಟ್ಟ ವರ್ಷವಾ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಮೂವತ್ತು ಸಾವಿರ ಕಳೆದುಕೊಂಡ ಮೇಲೆ ಕೇಳುವುದು ಕಲಿತೆ.

ನಡೆದದ್ದು ಇಷ್ಟು. ಮನೆಯಲ್ಲಿ ಹೊಸ ಕಾರು ಅಂತ ತೀರ್ಮಾನ ಆದದ್ದು 2018ರ ಡಿಸೆಂಬರ್‌ನಲ್ಲಿ. ಶೋರೂಮ್‌ನವರು ಒಳ್ಳೆ ಡಿಸ್ಕೌಂಟ್ ಹೇಳಿದ್ದರು. ಆದರೆ ಅಮ್ಮ, "ಧನುರ್ಮಾಸದಾಗ ಗಾಡಿ ತರ್ತಾರೇನೋ, ಸಂಕ್ರಾಂತಿ ಆಗಲಿ" ಅಂದರು. ಸರಿ ಅಂತ ತಿಂಗಳು ಕಾದೆವು. ಸಂಕ್ರಾಂತಿ ಆದ ವಾರಕ್ಕೆ ಹೋದರೆ ಅದೇ ಡಿಸ್ಕೌಂಟ್ ಇನ್ನೂ ಇತ್ತು! ಅದೂ ಬಿಳಿ ಬಣ್ಣದ ಒಂದೇ ಒಂದು ಗಾಡಿಗೆ. ನಮ್ಮ ಅದೃಷ್ಟ ಅಂದುಕೊಂಡೆವು. ದುಗ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣು ಹತ್ತಿಸಿ ಮನೆಗೆ ತಂದೆವು. ಕೆಲವು ವಾರ ಆದ ಮೇಲೆ ಆರ್‌ಸಿ ಕಾರ್ಡ್, ಅಂದರೆ ನೋಂದಣಿ ಪತ್ರ, ಬಂತು. ಹೆಸರಿನ ಸ್ಪೆಲ್ಲಿಂಗ್ ಸರಿ ಇದೆಯಾ ನೋಡಿ ಪರ್ಸಿಗೆ ಹಾಕಿಕೊಂಡೆ, ಅಷ್ಟೇ.

2024ರಲ್ಲಿ ಮಾರಲು ಹೋದಾಗ ಹಳೇ ಪಿ.ಬಿ. ರಸ್ತೆಯ ಒಂದು ಯಾರ್ಡಿನವರು ಕಾರ್ಡನ್ನು ಕಣ್ಣಿಂದ ದೂರ ಹಿಡಿದು, ಹೆಬ್ಬೆರಳಿನಿಂದ ಮೇಲಿನ ಸಾಲು ಮುಚ್ಚಿ, ನೇರ ಕೆಳಗಿನ ಒಂದು ಸಣ್ಣ ಅಂಕಿ ಓದಿದರು.

"ಅಣ್ಣಾ, ಗಾಡಿ ಹದಿನೆಂಟು."

"ಇಲ್ರೀ, ಜನವರಿ ಹತ್ತೊಂಬತ್ತು."

"ಪಾಸಿಂಗ್ ಹತ್ತೊಂಬತ್ತು. ಗಾಡಿ ಹದಿನೆಂಟು. ಇಲ್ನೋಡ್ರಿ, 03/2018."

ಪಾಸಿಂಗ್ ಅನ್ನುವುದು ಆರ್‌ಟಿಒದಲ್ಲಿ ಆದ ನೋಂದಣಿ, 03/2018 ಅನ್ನುವುದು ಗಾಡಿ ತಯಾರಾದ ತಿಂಗಳು. ಅಂದರೆ ನಮ್ಮ ಹೊಸ ಕಾರು ನಮ್ಮ ಕೈ ಸೇರುವ ಮುಂಚೆ ಹತ್ತು ತಿಂಗಳು ಎಲ್ಲೋ ಬಿಸಿಲಲ್ಲಿ ನಿಂತಿತ್ತು. ಅವರು ಮೂವತ್ತು ಸಾವಿರ ಇಳಿಸಿದರು. ನಾನು ಬೆಣ್ಣೆ ದೋಸೆ ತಿನ್ನುವ ಮನಸ್ಸೂ ಇಲ್ಲದೆ ಮನೆಗೆ ಬಂದೆ.

ನಮ್ಮ ಅಪ್ಪನ ಕಾಲದವರಿಗೆ ಈ ವಿಷಯ ಅರ್ಥ ಮಾಡಿಸುವುದು ಬಹಳ ಸುಲಭ. ಅವರಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು. ನಿಜವಾಗಿ ಹುಟ್ಟಿದ್ದು ಯಾವುದೋ ಮಳೆಗಾಲದಲ್ಲೋ ಜಾತ್ರೆ ಮಾರನೇ ದಿನವೋ, ಆದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ರಿಜಿಸ್ಟರ್‌ನಲ್ಲಿ ಬರೆದದ್ದು ಜೂನ್ 1. ಕೆಲಸ, ಬಡ್ತಿ, ನಿವೃತ್ತಿ, ಪೆನ್ಶನ್ ಎಲ್ಲವೂ ಆ ಜೂನ್ 1ರ ಲೆಕ್ಕದಲ್ಲೇ. ಮೊಣಕಾಲು ನೋವು ಮಾತ್ರ ನಿಜವಾದ ವಯಸ್ಸಿನ ಲೆಕ್ಕದಲ್ಲಿ ಬರುತ್ತದೆ. ನಮ್ಮ ಜಿಲ್ಲೆಯನ್ನೇ ನೋಡಿ, ಕಾಗದದ ಮೇಲೆ ಹುಟ್ಟಿದ್ದು 1997ರಲ್ಲಿ, ಹಾಗಂತ ದಾವಣಗೆರೆ ಊರಿಗೆ ಅಷ್ಟೇ ವಯಸ್ಸಾ? ಕಾರಿನದ್ದೂ ಇದೇ ಕಥೆ. ಕಾಗದದ ವಯಸ್ಸು ಒಂದು, ಕಬ್ಬಿಣದ ವಯಸ್ಸು ಇನ್ನೊಂದು.

ಈಗ ನಿಮ್ಮ ಆರ್‌ಸಿ ಕಾರ್ಡ್ ತೆಗೆದು ನೋಡಿ. ನೋಂದಣಿ ಆದ ದಿನಾಂಕ ಇರುತ್ತದೆ, ಯಾವಾಗಿನವರೆಗೆ ಮಾನ್ಯ ಅಂತ ಇರುತ್ತದೆ, ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ಮಾಡೆಲ್ ಅಂತಲೂ ಒಂದು ಕಡೆ ಇರುತ್ತದೆ, ಆದರೆ ಅಲ್ಲಿರುವುದು ಕಾರಿನ ಹೆಸರು. ಮಾಡೆಲ್ ವರ್ಷ ಅನ್ನುವ ಖಾನೆಯೇ ಇಲ್ಲ. ನಾವು ದಿನಾ ಬಾಯಲ್ಲಿ ಆಡುವ "ಹತ್ತೊಂಬತ್ತರ ಮಾಡೆಲ್" ಸರ್ಕಾರದ ಕಾಗದದಲ್ಲಿ ಎಲ್ಲೂ ಇಲ್ಲ. ಎಲ್ಲಾ ಗೊಂದಲವೂ ಇಲ್ಲಿಂದಲೇ ಶುರು. ಹೆಸರಿಲ್ಲದ ಲೆಕ್ಕ ಆದ್ದರಿಂದ ಯಾರಿಗೆ ಯಾವುದು ಅನುಕೂಲವೋ ಅದನ್ನು ಹಿಡಿದುಕೊಳ್ಳುತ್ತಾರೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ಕಲಂ 41ರ ಪ್ರಕಾರ ಖಾಸಗಿ ಕಾರಿನ ನೋಂದಣಿ ಪತ್ರ, ಅದನ್ನು ಕೊಟ್ಟ ದಿನದಿಂದ 15 ವರ್ಷ ನಡೆಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು. ಇಲ್ಲಿ ಫ್ಯಾಕ್ಟರಿ ತಾರೀಕಿಗೆ ಬೆಲೆಯೇ ಇಲ್ಲ. ನನ್ನ ಕಾರಿಗೆ 2019ರ ಜನವರಿಯಲ್ಲಿ ನಂಬರ್ ಬಿತ್ತು, ಅಂದರೆ 2034ರ ಜನವರಿವರೆಗೆ ಓಡಬಹುದು. 2018ರ ಮಾರ್ಚ್‌ನಲ್ಲಿ ತಯಾರಾಗಿ ಆಗಲೇ ಪಾಸಿಂಗ್ ಆದ ಅದರ ಅಣ್ಣನಿಗೆ 2033ರ ಮಾರ್ಚ್‌ಗೇ ಮುಗಿಯುತ್ತದೆ. ಕಾನೂನು ನನಗೆ ಹತ್ತು ತಿಂಗಳು ಪುಕ್ಕಟೆ ಕೊಟ್ಟಿತು. ಮಾರ್ಕೆಟ್ಟು ಒಂದು ವರ್ಷ ಕಿತ್ತುಕೊಂಡಿತು. ಎರಡೂ ಒಂದೇ ಕಾರ್ಡ್ ನೋಡಿಯೇ.

ತಮಾಷೆ ಏನೆಂದರೆ, ಅದೇ ಕಾಯ್ದೆಯ ಕಲಂ 59 ಬೇರೆಯೇ ಮಾತಾಡುತ್ತದೆ. ಜನರ ಸುರಕ್ಷತೆ ನೋಡಿಕೊಂಡು ಕೇಂದ್ರ ಸರ್ಕಾರ ವಾಹನಗಳ ಆಯಸ್ಸು ಇಷ್ಟು ಅಂತ ಗೊತ್ತು ಮಾಡಬಹುದು, ಹಾಗೆ ಮಾಡಿದರೆ ಅದನ್ನು ತಯಾರಾದ ದಿನದಿಂದ ಎಣಿಸಬೇಕು ಅಂತ ಅಲ್ಲಿದೆ. ಹದಿನೆಂಟು ಕಲಂ ಅಂತರದಲ್ಲಿ ಎರಡು ಅಳತೆಗೋಲು! ಯೋಚಿಸಿದರೆ ಇದರಲ್ಲಿ ಒಂದು ತರ್ಕ ಇದೆ. 41ರಲ್ಲಿ ಎಣಿಸುತ್ತಿರುವುದು ಕಾಗದದ ವಯಸ್ಸು, 59ರಲ್ಲಿ ಯೋಚನೆ ಇರುವುದು ಯಂತ್ರದ ವಯಸ್ಸಿನ ಬಗ್ಗೆ. ಆದರೆ ಈ 59ನ್ನು ಬಳಸಿ ಇಡೀ ದೇಶದ ಖಾಸಗಿ ಕಾರುಗಳಿಗೆ "ಇಷ್ಟೇ ಆಯಸ್ಸು" ಅಂತ ಗೆರೆ ಎಳೆದಿಲ್ಲ. 2021ರಲ್ಲಿ ಬಂದ ಗುಜರಿ ನೀತಿಯೂ ಖಾಸಗಿ ಕಾರನ್ನು ಬರೀ ವಯಸ್ಸು ನೋಡಿ ಗುಜರಿಗೆ ಹಾಕಿ ಅನ್ನಲಿಲ್ಲ, ತಪಾಸಣೆಯಲ್ಲಿ ಪಾಸಾದರೆ ಓಡಿಸಿ ಅಂದಿತು. ಸರ್ಕಾರಿ ಗಾಡಿಗಳಿಗೆ ಮಾತ್ರ ಕಟ್ಟುನಿಟ್ಟು. 15 ವರ್ಷ ಆದವುಗಳ ನೋಂದಣಿ 2023ರ ಏಪ್ರಿಲ್ 1ರಿಂದ ಮುಂದುವರಿಯುವುದಿಲ್ಲ.

ನಮ್ಮಂಥವರಿಗೆ ನೇರವಾಗಿ ತಟ್ಟುವುದು ಫೀ. 15 ವರ್ಷ ಆದ ಕಾರಿನ ನೋಂದಣಿ ಮುಂದುವರಿಸಲು ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಮೆಟ್ಟಿಲು ಬಂತು: 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000. ಇದರ ಮೇಲೆ ಹಸಿರು ತೆರಿಗೆ ಬೇರೆ. ಈ ಮೆಟ್ಟಿಲುಗಳನ್ನೆಲ್ಲ ಎಣಿಸುವುದು ನೋಂದಣಿ ತಾರೀಕಿನಿಂದ. ಹಾಗಾಗಿ ಹಳೇ ಮಾರುತಿ 800 ಇಟ್ಟುಕೊಂಡು "ನಮ್ಮದು ಯಾವ ತಿಂಗಳು ತಯಾರಾದದ್ದು" ಅಂತ ತಲೆ ಕೆಡಿಸಿಕೊಳ್ಳುವುದು ಬೇಡ. ಕಾರ್ಡಿನ ಮೇಲಿನ ಸಾಲು ನೋಡಿ ಸಾಕು. ವಿಂಟೇಜ್ ಅನ್ನಿಸಿಕೊಳ್ಳಬೇಕಾದರೂ ಅದೇ ಲೆಕ್ಕ, ಮೊದಲ ನೋಂದಣಿಯಿಂದ 50 ವರ್ಷ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ, ಹಾಗಾಗಿ ಮೊಟ್ಟಮೊದಲ ಮಾರುತಿಗಳಿಗೆ ಆ ಗೌರವ ಸಿಗಲು 2033 ಮುಗಿಯಬೇಕು.

ಇನ್ನೊಂದು ವಯಸ್ಸು ಇದೆ, ಅದು ತಾರೀಕಿನದ್ದಲ್ಲ, ಹೊಗೆಯದ್ದು. ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ಸರ್ಕಾರದ ಮಟ್ಟಕ್ಕೆ ಬಿಎಸ್ ಅನ್ನುತ್ತಾರೆ, ಅಂಕಿ ದೊಡ್ಡದಾದಷ್ಟೂ ಮಿತಿ ಬಿಗಿ. 2017ರ ಮಾರ್ಚ್ ಕೊನೆ ನೆನಪಿದೆಯಾ? ಬಿಎಸ್-3 ಗಾಡಿಗಳನ್ನು ಯಾವಾಗ ತಯಾರಾಗಿದ್ದರೂ ಸರಿ, ಏಪ್ರಿಲ್ 1ರಿಂದ ಮಾರುವಂತಿಲ್ಲ, ನೋಂದಣಿ ಮಾಡುವಂತಿಲ್ಲ ಅಂತ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ದೇಶದಲ್ಲಿ 8 ಲಕ್ಷಕ್ಕೂ ಜಾಸ್ತಿ ಗಾಡಿ ಸ್ಟಾಕ್ ಇತ್ತು, ಬಹುಪಾಲು ದ್ವಿಚಕ್ರ. ಎರಡು ದಿನ ನಮ್ಮೂರಿನ ಶೋರೂಮ್‌ಗಳ ಮುಂದೆ ಸಂತೆ. ಬೈಕು ಬೇಕೋ ಬೇಡವೋ, ಹತ್ತು ಸಾವಿರ ಕಡಿಮೆ ಅಂತ ಹೊತ್ತುಕೊಂಡು ಬಂದರು. ಕಂಪನಿಗಳ ವಾದ ಏನಿತ್ತೆಂದರೆ, ನಮಗೆ ಮಾರ್ಚ್ 31ರವರೆಗೆ ತಯಾರಿಸಲು ಬಿಟ್ಟಿದ್ದೀರಿ, ತಯಾರಿಸಿದ್ದನ್ನು ಮಾರಲು ಬಿಡಿ ಅಂತ. ಕೋರ್ಟು ಒಪ್ಪಲಿಲ್ಲ. ಅಂದರೆ ಲೆಕ್ಕಕ್ಕೆ ಬರುವುದು ಫ್ಯಾಕ್ಟರಿ ಗೇಟಿನ ತಾರೀಕಲ್ಲ, ಗಿರಾಕಿಯ ಕೈ ಸೇರುವ ತಾರೀಕು ಅಂತ ಆಯಿತು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂದಾಗಲೂ ಅದೇ.

ದೆಹಲಿಯ ಗಲಾಟೆ ಇದರ ಮುಂದುವರಿಕೆ. ಅಲ್ಲಿ ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅಂತ ಹಸಿರು ನ್ಯಾಯಮಂಡಳಿಯ ಗೆರೆ. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕ್‌ನಲ್ಲಿ ಎಣ್ಣೆ ಹಾಕಬೇಡಿ ಅಂದರು, ಜನ ಕೂಗಿದ ಮೇಲೆ ಎರಡು ಮೂರು ದಿನಕ್ಕೇ ತಡೆದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬರೀ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡ ಅಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಅಂತ ತಿದ್ದಿತು. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಎಷ್ಟು ವರ್ಷ ಅನ್ನುವುದಕ್ಕಿಂತ ಎಷ್ಟು ಹೊಗೆ ಅನ್ನುವುದು ಮುಖ್ಯ ಅಲ್ವಾ.

ಇದು ನಮಗೆ ಯಾಕೆ ಬೇಕು ಅಂದರೆ, ಅಲ್ಲಿ ಓಡಿಸಲಾಗದ ಡೀಸೆಲ್ ಗಾಡಿಗಳು ಕಡಿಮೆ ರೇಟಿಗೆ ಇಲ್ಲಿಗೆ ಬರುತ್ತವೆ. "ದೆಲ್ಲಿ ಗಾಡಿ, ಒಂಬತ್ತು ವರ್ಷ, ಅರ್ಧ ರೇಟು" ಅಂತ ನಿಮಗೂ ಯಾರೋ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿರುತ್ತಾರೆ. ಅಲ್ಲಿನ 10 ವರ್ಷದ ಗೆರೆ ಇಲ್ಲಿಗೆ ಅನ್ವಯಿಸುವುದಿಲ್ಲ ಅನ್ನುವುದು ನಿಜ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು, 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು, ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿ ಹಳೆಯದಾದಷ್ಟೂ ಆ ತೆರಿಗೆ ಇಳಿಯುತ್ತದೆ, ಅದೊಂದು ಸಮಾಧಾನ. ಇಷ್ಟೆಲ್ಲಾ ಮಾಡಿಸಿದರೂ 15 ವರ್ಷದ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುವುದಿಲ್ಲ. ಕೆಎ 17 ನಂಬರ್ ಬಿದ್ದ ಮಾತ್ರಕ್ಕೆ ಗಾಡಿ ಎಳೆಯದಾಗುವುದಿಲ್ಲ. ದೆಹಲಿಯಲ್ಲಿ ಮೊದಲು ನಂಬರ್ ಬಿದ್ದ ದಿನವೇ ಅದರ ಜೂನ್ 1.

ಹಾಗಾದರೆ ಮಾಡೆಲ್ ಅನ್ನುವ ಮಾತು ಎಲ್ಲಿಂದ ಬಂತು? ಅಮೆರಿಕದಿಂದ. ಅಲ್ಲಿ 1920ರ ದಶಕದಲ್ಲೇ ಜನರಲ್ ಮೋಟಾರ್ಸ್‌ನವರು ವರ್ಷಕ್ಕೊಂದು ಹೊಸ ಮುಖ ಕೊಟ್ಟು ಹಳೆಯದನ್ನು ಹಳೆಯದು ಅನ್ನಿಸುವ ವ್ಯಾಪಾರ ಶುರು ಮಾಡಿದರು. ಆಮೇಲೆ ಅದು ಕಾನೂನಿನ ಲೆಕ್ಕವೂ ಆಯಿತು. ಅಲ್ಲಿ ಮಾಡೆಲ್ ವರ್ಷಕ್ಕೂ ಕ್ಯಾಲೆಂಡರಿಗೂ ತಾಳೆ ಆಗಬೇಕಿಲ್ಲ. 2026ರ ಮಾಡೆಲ್ ಅನ್ನು 2025ರ ಜನವರಿ 2ರಿಂದಲೇ ತಯಾರಿಸಲು ಶುರು ಮಾಡಬಹುದು, ಆ ಅವಧಿಯಲ್ಲಿ ಒಂದೇ ಒಂದು ಜನವರಿ 1 ಬರಬೇಕು, ಅಷ್ಟೇ ಷರತ್ತು. ನಮ್ಮಲ್ಲಿ ಗಾಡಿ ಕಾಗದದಲ್ಲಿ ನಿಜಕ್ಕಿಂತ ಎಳೆಯದಾದರೆ ಅಲ್ಲೂ ಹಾಗೇ, ಆದರೆ ಅವರು ಅದನ್ನು ರಾಜಾರೋಷವಾಗಿ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಇನ್ನೊಂದು ತರ. ಅಲ್ಲಿ ನಂಬರ್ ಪ್ಲೇಟಿನಲ್ಲೇ ವಯಸ್ಸು ಇರುತ್ತದೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಅಂಕಿ ಬದಲಾಗುತ್ತದೆ. ಪಕ್ಕದ ಮನೆಯವರ ಕಾರು ಎಷ್ಟು ಹಳೆಯದು ಅಂತ ಬೀದಿಯಲ್ಲಿ ನಿಂತೇ ಹೇಳಬಹುದು. ನಮ್ಮಲ್ಲಿ, ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ಬಿಎಚ್ ಸೀರೀಸ್ ಮಾತ್ರ ಹಾಗಿದೆ. ಮೊದಲ ಎರಡು ಅಂಕಿ ನೋಂದಣಿ ಆದ ವರ್ಷ, 22 ಅಂದರೆ 2022. ಉಳಿದ ಕೆಎ 16, ಕೆಎ 17 ಪ್ಲೇಟುಗಳಲ್ಲಿ ಸೀರೀಸ್ ಅಕ್ಷರ ನೋಡಿ ಅಂದಾಜು ಮಾಡುವ ಪಂಡಿತರು ಪ್ರತಿ ಗ್ಯಾರೇಜಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಕಬ್ಬಿಣ ಏನು ಹೇಳುತ್ತದೆ ನೋಡೋಣ, ನನಗೆ ಇಷ್ಟವಾದ ಭಾಗ ಇದು. ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಛಾಸಿ ನಂಬರ್‌ನಲ್ಲಿ 17 ಅಕ್ಷರ-ಅಂಕಿ ಇರುತ್ತವೆ. ಸೊನ್ನೆ, ಒಂದು, ಒಂಬತ್ತರ ಜೊತೆ ಗೊಂದಲ ಆಗಬಾರದು ಅಂತ ಇಂಗ್ಲಿಷಿನ ಐ, ಒ, ಕ್ಯೂ ಬಳಸುವುದಿಲ್ಲ. ಶುರುವಿನ ಮೂರು ಯಾರು ತಯಾರಿಸಿದ್ದು ಅಂತ ಹೇಳುತ್ತವೆ. ಎಂಎ3 ಅಂದರೆ ಮಾರುತಿ, ಎಂಎಎಲ್ ಅಂದರೆ ಹ್ಯುಂಡೈ, ಎಂಎಟಿ ಅಂದರೆ ಟಾಟಾ. ಹಲವು ಕಂಪನಿಗಳಲ್ಲಿ ಎಡದಿಂದ ಹತ್ತನೆಯದು ವರ್ಷ. 2010ಕ್ಕೆ ಎ, ಅಲ್ಲಿಂದ ವರ್ಷಕ್ಕೊಂದು ಅಕ್ಷರ. 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2024ಕ್ಕೆ ಆರ್, 2025ಕ್ಕೆ ಎಸ್, 2026ಕ್ಕೆ ಟಿ. ಮೂವತ್ತು ವರ್ಷಕ್ಕೆ ಚಕ್ರ ತಿರುಗುತ್ತದೆ, ಅಂದರೆ 1995ರದ್ದಕ್ಕೂ ಎಸ್, 2025ರದ್ದಕ್ಕೂ ಎಸ್. ಗಾಡಿ ನೋಡಿದರೆ ಗೊತ್ತಾಗುತ್ತದೆ ಬಿಡಿ. ತಿಂಗಳ ಅಕ್ಷರ ಎಲ್ಲಿರುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ವರ್ಷದ್ದನ್ನೂ ಎಲ್ಲರೂ ಹತ್ತನೆಯ ಜಾಗದಲ್ಲೇ ಇಡುವುದಿಲ್ಲ. ಆದ್ದರಿಂದ ಆ ಕಂಪನಿಯ ಪಟ್ಟಿ ಇಟ್ಟುಕೊಂಡೇ ಓದಬೇಕು, ಬೇರೆ ಕಂಪನಿಯ ಪಟ್ಟಿ ಹಿಡಿದು ಶೋರೂಮ್‌ನಲ್ಲಿ ಜಗಳ ಆಡಿದರೆ ಮರ್ಯಾದೆ ಹೋಗುತ್ತದೆ. ತಯಾರಾದ ತಿಂಗಳು, ವರ್ಷ ಗಾಡಿಯ ಮೇಲೆ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ.

ಛಾಸಿ ನಂಬರ್ ಓದಲು ಬರದಿದ್ದರೆ ಡಿಕ್ಕಿ ತೆಗೆಯಿರಿ, ಮ್ಯಾಟ್ ಎತ್ತಿ, ಸ್ಟೆಪ್ನಿ ನೋಡಿ. ಓಡುವ ನಾಲ್ಕು ಟೈರ್ ಬದಲಾಗಿರಬಹುದು, ಸ್ಟೆಪ್ನಿ ಎಷ್ಟೋ ಗಾಡಿಗಳಲ್ಲಿ ಮದುವೆ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಇರುತ್ತದೆ. ಅದರ ಪಕ್ಕೆಯಲ್ಲಿ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 0718 ಅಂದರೆ 2018ರ ಏಳನೇ ವಾರ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಬುಡದಲ್ಲಿ ಒಂದು ಬಿಳಿ ಚೀಟಿ, ಅದರಲ್ಲೂ ತಾರೀಕು. ಕಿಟಕಿ ಗಾಜಿನ ಮೂಲೆಯ ಮುದ್ರೆಯಲ್ಲೂ ವರ್ಷದ ಗುರುತು ಇರುತ್ತದೆ. ಇವು ಬಿಡಿ ಭಾಗಗಳ ತಾರೀಕು, ಕಾರಿನದ್ದಲ್ಲ, ಹಾಗಾಗಿ ಕಾರಿಗಿಂತ ಒಂದೆರಡು ತಿಂಗಳು ಹಿಂದೆ ಇರುವುದು ಸಹಜ. ಆದರೆ ಎಲ್ಲಾ ಬಾಗಿಲಿನ ಗಾಜೂ 2018 ಹೇಳುತ್ತಾ ಒಂದು ಮಾತ್ರ 2021 ಹೇಳಿದರೆ, ಆ ಬಾಗಿಲಿಗೆ ಏನೋ ಆಗಿದೆ ಅಂತ ಅರ್ಥ. ವಯಸ್ಸು ಹುಡುಕಲು ಹೋದರೆ ಆಕ್ಸಿಡೆಂಟ್ ಸಿಗುವುದು ಹೀಗೆ.

ಲಾರಿಯವರಿಗೆ ಇದೆಲ್ಲ ಹೊಸದಲ್ಲ. ಚಿತ್ರದುರ್ಗದ ನನ್ನ ಸ್ನೇಹಿತನ ಮನೆಯಲ್ಲಿ ಎರಡು ಲಾರಿ ಇವೆ. ಅವರು ಕೊಳ್ಳುವುದು ಬರೀ ಛಾಸಿ. ಬಾಡಿ ಕಟ್ಟಿಸಿ, ಆಮೇಲೆ ಪಾಸಿಂಗ್. ಆದ್ದರಿಂದ ಛಾಸಿಗೊಂದು ವಯಸ್ಸು, ಬಾಡಿಗೊಂದು, ಕಾಗದಕ್ಕೊಂದು ಅಂತ ಅವರ ತಲೆಯಲ್ಲಿ ಮೊದಲಿಂದಲೂ ಬೇರೆ ಬೇರೆ ಇರುತ್ತದೆ. ಎಫ್‌ಸಿ, ಅಂದರೆ ಲಾರಿ ಓಡಿಸಲು ಯೋಗ್ಯ ಅನ್ನುವ ಪತ್ರ, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. "ಎಂಟು ಆದ ಮೇಲೆ ಲಾರಿ ಮುದುಕ ಆದಂಗೆ, ವರ್ಷಾ ವರ್ಷಾ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು" ಅನ್ನುತ್ತಾನೆ ಅವನು.

ಕಾರಿನವರು ಎಡವುವುದು ಇನ್ಶೂರೆನ್ಸ್‌ನಲ್ಲಿ. ಗಾಡಿ ಕಳುವಾದರೆ ಅಥವಾ ಪೂರ್ತಿ ನಜ್ಜುಗುಜ್ಜಾದರೆ ಸಿಗುವ ಮೊತ್ತಕ್ಕೆ ಐಡಿವಿ ಅನ್ನುತ್ತಾರೆ. ಅದನ್ನು ಹಾಕುವುದು ಆ ಮಾದರಿಯ ಈಗಿನ ಬೆಲೆಯಿಂದ, ವಯಸ್ಸಿನ ಮೇಲೆ ಇಷ್ಟಿಷ್ಟು ಅಂತ ಕಳೆದು. ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡರವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಅದಾದ ಮೇಲೆ ಕಂಪನಿಯೂ ನೀವೂ ಮಾತಾಡಿ ಒಪ್ಪಿದಷ್ಟು. ಈಗ 7 ಲಕ್ಷದ ಕಾರು ಇಟ್ಟುಕೊಳ್ಳಿ. ನಾಲ್ಕರ ಒಳಗೆ ಅಂದರೆ 4 ಲಕ್ಷ 20 ಸಾವಿರ, ನಾಲ್ಕು ದಾಟಿತು ಅಂದರೆ ಮೂರೂವರೆ ಲಕ್ಷ. ಒಂದು ಮೆಟ್ಟಿಲು ಆಚೀಚೆ ಆದರೆ 70 ಸಾವಿರದ ವ್ಯತ್ಯಾಸ! ಪಾಲಿಸಿಯಲ್ಲಿ ತಯಾರಾದ ವರ್ಷವೂ ಇರುತ್ತದೆ, ನೋಂದಣಿ ತಾರೀಕೂ ಇರುತ್ತದೆ. ವರ್ಷಾ ವರ್ಷಾ ರಿನ್ಯೂ ಮಾಡುವಾಗ ಎರಡೂ ಆರ್‌ಸಿಯಲ್ಲಿ ಇದ್ದಂತೆಯೇ ಇವೆಯಾ ನೋಡಿಕೊಳ್ಳಿ. ಏಜೆಂಟು ಆತುರದಲ್ಲಿ ತಪ್ಪು ತುಂಬಿದ್ದು ನಿಮಗೆ ಗೊತ್ತಾಗುವುದು ಕ್ಲೇಮಿನ ದಿನ. ಐಡಿವಿ ಕಡಿಮೆ ಹಾಕಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ ನಿಜ, ಆದರೆ ಆ ಐದುನೂರು ರೂಪಾಯಿ ಉಳಿತಾಯ ಎಲ್ಲಿಂದ ಬಂತು ಅಂತ ಗೊತ್ತಿರಲಿ.

ಸೆಕೆಂಡ್ ಹ್ಯಾಂಡ್ ಕಾರಿಗೆ ಸಾಲ ಕೊಡುವ ಬ್ಯಾಂಕಿನವರೂ ವಯಸ್ಸು ಎಣಿಸುತ್ತಾರೆ. ಸಾಲದ ಕಂತು ಮುಗಿಯುವ ಹೊತ್ತಿಗೆ ಗಾಡಿಗೆ ಎಷ್ಟು ವರ್ಷ ಆಗಿರುತ್ತದೆ ಅನ್ನುವುದು ಅವರ ಪ್ರಶ್ನೆ. ವಾರಂಟಿ ಮಾತ್ರ ಸಾಮಾನ್ಯವಾಗಿ ಡೆಲಿವರಿ ದಿನದಿಂದ ಶುರು. ಇದನ್ನೇ ಹಿಡಿದುಕೊಂಡು ಸೇಲ್ಸ್ ಹುಡುಗರು "ವಾರಂಟಿ ಇವತ್ತಿಂದ ಸರ್, ಯಾವಾಗ ತಯಾರಾದ್ರೆ ಏನು" ಅನ್ನುತ್ತಾರೆ. ಬ್ಯಾಟರಿ ಮತ್ತು ಟೈರಿನ ರಬ್ಬರಿಗೆ ಆ ವಿಷಯ ಗೊತ್ತಿರಬೇಕಲ್ಲ.

ಎಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ಅನ್ನಿಸಿದ್ದು ಇದು. ಸರ್ಕಾರ ನೋಂದಣಿಯಿಂದ ಎಣಿಸುತ್ತದೆ, ಮಾರ್ಕೆಟ್ಟು ಕೊಳ್ಳುವಾಗ ಫ್ಯಾಕ್ಟರಿಯಿಂದ ಎಣಿಸುತ್ತದೆ. ನಡುವಿನ ಗ್ಯಾಪಿಗೆ ದುಡ್ಡು ಕೊಡುವವರು ನಾವು. ವರ್ಷದ ಕೊನೆಯ ಡಿಸ್ಕೌಂಟು ಶೋರೂಮಿನವರ ಔದಾರ್ಯ ಅಲ್ಲ, ಆ ಗ್ಯಾಪಿನ ರೇಟು. ನಮ್ಮ ಕಡೆ ಇದಕ್ಕೆ ಧನುರ್ಮಾಸವೂ ಸೇರಿಕೊಳ್ಳುತ್ತದೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಎಷ್ಟೋ ಮನೆಯವರು ಗಾಡಿ ಮುಟ್ಟುವುದಿಲ್ಲ. ಅಷ್ಟರಲ್ಲಿ ಕ್ಯಾಲೆಂಡರ್ ಬದಲಾಗಿ, ಅಂಗಳದಲ್ಲಿ ನಿಂತ ಗಾಡಿಗಳೆಲ್ಲ ಒಂದು ವರ್ಷ ಹಳೆಯವಾಗಿರುತ್ತವೆ. ನಾವು ಪಾಸಿಂಗ್ ಹೊಸ ವರ್ಷದ್ದು ಅಂತ ಖುಷಿಯಲ್ಲಿರುತ್ತೇವೆ.

ಹಾಗಂತ ಹಳೇ ಸ್ಟಾಕ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಾದರೆ ಡಿಸ್ಕೌಂಟ್ ತೆಗೆದುಕೊಂಡು ಸುಮ್ನೆ ಓಡಿಸಿ. ಹತ್ತು ವರ್ಷದ ಗಾಡಿಗೆ ಹತ್ತು ತಿಂಗಳ ಜಗಳ ಯಾರೂ ಮಾಡುವುದಿಲ್ಲ. ನಾಲ್ಕೈದು ವರ್ಷಕ್ಕೆ ಬದಲಾಯಿಸುವವರಾದರೆ ಲೆಕ್ಕ ಹಾಕಿ. ಮಾರುವಾಗ ಒಂದು ವರ್ಷದ ರೇಟು ಹೋಗುತ್ತದೆ, ಡಿಸ್ಕೌಂಟ್ ಅದಕ್ಕಿಂತ ಜಾಸ್ತಿ ಇರಬೇಕು. ಎರಡು ಮೂರು ತಿಂಗಳ ಅಂತರ ಸಹಜ, ಫ್ಯಾಕ್ಟರಿಯಿಂದ ಲಾರಿಯಲ್ಲಿ ಬಂದು ನಿಲ್ಲಲು ಅಷ್ಟು ಬೇಕು. ಆರು ತಿಂಗಳು ದಾಟಿದ್ದರೆ ಬಾಯಿ ಬಿಟ್ಟು ಕೇಳಿ. ಪೂರ್ತಿ ದುಡ್ಡು ಕಟ್ಟುವ ಮುಂಚೆ ನಿಮಗೆ ಕೊಡುವ ಗಾಡಿಯ ಛಾಸಿ ನಂಬರ್ ಬರೆಸಿಕೊಳ್ಳಿ, ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿ ಕೊಡುವ ಫಾರಂ 22 ತೋರಿಸಿ ಅನ್ನಿ. ಮಾರಾಟದ ಪತ್ರ ಅಂದರೆ ಫಾರಂ 21ರಲ್ಲೂ ತಯಾರಾದ ತಿಂಗಳು, ವರ್ಷ ಇರುತ್ತದೆ, ಆದರೆ ಅದು ಕೈಗೆ ಬರುವ ಹೊತ್ತಿಗೆ ದುಡ್ಡು ಹೋಗಿರುತ್ತದೆ. ಅದೇ ಅಂಕಿಯನ್ನು ಕೊಟೇಶನ್ ಚೀಟಿಯಲ್ಲೇ ಹಾಕಬೇಕು ಅಂತ ಒಂದು ಸಾಲಿನ ನಿಯಮ ಮಾಡಿದರೆ ಈ ಜಗಳದಲ್ಲಿ ಮುಕ್ಕಾಲು ಪಾಲು ನಿಲ್ಲುತ್ತದೆ. ಹಾಲಿನ ಪಾಕೀಟಿನ ಮೇಲೆ ತಾರೀಕು ಹಾಕುತ್ತಾರೆ, ಏಳು ಲಕ್ಷದ ಗಾಡಿಯ ಕೊಟೇಶನ್‌ನಲ್ಲಿ ಹಾಕಲು ಏನು ಕಷ್ಟ?

ಹೇಳದೆ ಹಳೇ ಗಾಡಿ ಕೊಟ್ಟಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಎರಡು ವರ್ಷದ ಒಳಗೆ. ನಾನು ಆರ್‌ಸಿ ಸರಿಯಾಗಿ ನೋಡಿದ್ದು ಐದು ವರ್ಷ ಆದ ಮೇಲೆ. ಅಲ್ಲದೆ ಡಿಸ್ಕೌಂಟ್ ಚೀಟಿಗೆ ಸಹಿ ಬೇರೆ ಹಾಕಿದ್ದೆ, ಅದರಲ್ಲಿ ಸಣ್ಣಕ್ಷರದಲ್ಲಿ ಏನಿತ್ತೋ ದುಗ್ಗಮ್ಮನಿಗೇ ಗೊತ್ತು.

ಕಾರು ಕೊಟ್ಟ ಎರಡು ವಾರಕ್ಕೆ ಅದೇ ಪಿ.ಬಿ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದೆ. ಯಾರ್ಡಿನ ಮುಂದಿನ ಸಾಲಿನಲ್ಲೇ ನಮ್ಮ ಬಿಳಿ ಗಾಡಿ ನಿಂತಿತ್ತು. ತೊಳೆದು, ಟೈರಿಗೆ ಕಪ್ಪು ಪಾಲಿಶ್ ಹಚ್ಚಿ ಮದುಮಗನ ಹಾಗೆ ಮಾಡಿದ್ದರು. ಮುಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: "2019 ಮಾಡೆಲ್, ಫಸ್ಟ್ ಓನರ್."